ಸಿಗ್ನಲ್ ಕೀಳಬೇಡ, ಪುಟ್ಟಾ

ಪುಟ್ಟಾ, ನಿನ್ನೆ ರಾತ್ರಿ ಹನ್ನೊಂದಾದರೂ ನಿನ್ನ ಕಂಪ್ಯೂಟರ್ ಆಟದ ಲೋಕಲ್ ಗಾಡಿ ಬಾಗ್‌ಬಜಾರಿನಿಂದ ಕದಲಲಿಲ್ಲ. ನೀನು ಮೂರು ಸಲ ಆಟ ಮುಚ್ಚಿ ತೆರೆದೆ, ಗಾಡಿ ಅಳಿಸಿ ಹೊಸದು ಇಟ್ಟೆ, ಕೊನೆಗೆ ಸಿಗ್ನಲ್ಲನ್ನೇ ಕಿತ್ತುಹಾಕಿದೆ. ಆಗ ನನ್ನ ಎದೆ ಧಸಕ್ಕೆಂದಿತು. ಮೂವತ್ತು ವರ್ಷ ರೈಲ್ವೆ ಸಿಗ್ನಲ್ಲಿನಲ್ಲೇ ದುಡಿದವನು ನಾನು. ಹೇಳದೆ ಇರಲಾರೆ.

ಕಂಪ್ಯೂಟರ್ ಓಡಿಸುವ ಗಾಡಿ ನಿಂತಿತೆಂದರೆ ಯಾವುದಕ್ಕೋ ಕಾಯುತ್ತಿದೆ. ಯಾವುದಕ್ಕೆಂದು ತಿಳಿಯಲು ಗಾಡಿಯನ್ನೇ ದಿಟ್ಟಿಸಿದರೆ ಆಗದು, ಮುಂದಿನ ಹಳಿ ನೋಡಬೇಕು. ನಿನ್ನ ಓಪನ್ ರೈಲ್ಸ್ ಆಟದಲ್ಲಿ ಕಂಟ್ರೋಲ್ ಹಿಡಿದು 9 ಒತ್ತಿದರೆ ಡಿಸ್ಪ್ಯಾಚರ್ ಕಿಟಕಿ ಬರುತ್ತದಲ್ಲ, ಮೊದಲು ಅದನ್ನು ತೆಗೆ. ಗಾಡಿಯಿಂದ ಮುಂದಕ್ಕೆ ಹಳಿಯ ಮೇಲೆ ಬೆರಳಿಟ್ಟುಕೊಂಡು ಹೋಗು. ಮೊದಲ ಕೆಂಪು ಎಲ್ಲಿದೆ? ಅದರಾಚೆ ಯಾವ ಗಾಡಿ ಇದೆ? ಹೊರಡುವ ಹೊತ್ತೇ ಇನ್ನೂ ಆಗಿಲ್ಲದೆಯೂ ಇರಬಹುದು, ವೇಳಾಪಟ್ಟಿಯನ್ನೂ ಒಮ್ಮೆ ನೋಡು.

ನೀನು ಕಟ್ಟುತ್ತಿರುವುದು ನಮ್ಮ ಕೋಲ್ಕತ್ತದ ಚಕ್ರ ರೈಲು. ಮೆಟ್ರೋ ಓಡತೊಡಗಿದ 1984ರಲ್ಲೇ ಇದೂ ಶುರುವಾಯಿತು. ದಮ್‌ದಮ್‌ನಿಂದ ಟಾಲಾವರೆಗೆ ಜೋಡಿ ಹಳಿ. ಆಮೇಲೆ ಹೂಗ್ಲಿ ದಂಡೆ ಹಿಡಿದು ಮಾಜೇರ್‌ಹಾಟ್‌ವರೆಗೆ ಒಂಟಿ ಹಳಿ. ತೊಡಕೆಲ್ಲ ಆ ಒಂಟಿ ಹಳಿಯಲ್ಲೇ. ಇತ್ತಲಿಂದ ಒಂದು, ಅತ್ತಲಿಂದ ಒಂದು ಒಳಹೊಕ್ಕರೆ ಎರಡೂ ಎದುರುಬದುರು ನಿಂತು, ನೀನು ಬೆಳತನಕ ಕಾದರೂ ಅಲುಗವು. ನಡುವೆ ಒಂದನ್ನೊಂದು ದಾಟಲು ಪಕ್ಕದ ಹಳಿ, ಅಂದರೆ ಲೂಪ್, ಹಾಸಿದ್ದೀಯ, ಸರಿ. ಆದರೆ ಹಾಸಿದ ಮಾತ್ರಕ್ಕೆ ಗಾಡಿಗೆ ಅದು ತಿಳಿಯುವುದಿಲ್ಲ. ಆ ಗಾಡಿ ಸಾಗುವ ದಾರಿಯನ್ನು ಬರೆದಿಡುವ ಪಾಥ್‌ನಲ್ಲಿ ಲೂಪಿನ ದಾರಿಯನ್ನೂ ಬರೆದಿರಬೇಕು. ನಿನ್ನೆ ನೀನು ಬರೆದಿರಲಿಲ್ಲ, ನಾನು ಹಿಂದಿನಿಂದ ನೋಡುತ್ತಿದ್ದೆ.

ಇನ್ನೊಂದು, ಉದ್ದ. ಹನ್ನೆರಡು ಡಬ್ಬಿಯ ಗಾಡಿ ಲೂಪಿನೊಳಗೆ ಬಾಲ ಸಮೇತ ಹಿಡಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸ್ಟೇಷನ್ನಿನಿಂದ ಸಿಗ್ನಲ್ ಆಫ್ ಆಗುತ್ತಿಲ್ಲ ಎಂದು ಕರೆ ಬಂತು. (ರೈಲ್ವೆಯಲ್ಲಿ ಆಫ್ ಎಂದರೆ ಹೋಗಲು ಒಪ್ಪಿಗೆ, ಆನ್ ಎಂದರೆ ನಿಲ್ಲು.) ರಾತ್ರಿಯೆಲ್ಲ ಸಿಗ್ನಲ್ ನಿಯಂತ್ರಿಸುವ ಒಂದೊಂದೇ ರಿಲೇ ಪರೀಕ್ಷಿಸಿದೆ. ಬೆಳಕು ಹರಿದ ಮೇಲೆ ಹೊರಗೆ ಬಂದು ನೋಡಿದರೆ, ಲೂಪಿನಲ್ಲಿದ್ದ ಗೂಡ್ಸ್‌ನ ಕೊನೆಯ ವ್ಯಾಗನ್ ಫೌಲಿಂಗ್ ಮಾರ್ಕಿನಿಂದ (ಪಕ್ಕದ ಹಳಿಗೆ ತಾಗದಂತೆ ಗಾಡಿ ಒಳಗೇ ನಿಲ್ಲಬೇಕಾದ ಗುರುತು) ಆಚೆಗೇ ಉಳಿದು, ಪಕ್ಕದ ಹಳಿಗೆ ಅಡ್ಡವಾಗಿತ್ತು. ಅಲ್ಲಿ ಕೆಟ್ಟುಹೋದದ್ದು ಏನೂ ಇರಲಿಲ್ಲ. ರಿಲೇ ಒಪ್ಪಿಗೆ ಕೊಡದೆ ಜನರ ಪ್ರಾಣ ಕಾಯುತ್ತಿತ್ತು. ನಮ್ಮ ಬಣ್ಣದ ದೀಪದ ಸಿಗ್ನಲ್ಲುಗಳಲ್ಲಿ, ಗಾಡಿ ನಿಲ್ಲಬೇಕಾದ ಸಿಗ್ನಲ್ಲಿನಾಚೆಗೂ 120 ಮೀಟರ್ ಹಳಿ ಖಾಲಿ ಇರಲೇಬೇಕೆಂಬ ನಿಯಮವಿದೆ. ಚಾಲಕ ಸ್ವಲ್ಪ ಜಾರಿದರೂ ಅನಾಹುತವಾಗಬಾರದು ಎಂದು. ನಿನ್ನ ಮಾರ್ಗದಲ್ಲೂ ಅಂಥ ಬಿಡುವು ಇಡು.

ಸಿಗ್ನಲ್ ಕಿತ್ತರೆ ದಾರಿ ತೆರೆಯುತ್ತದೆ ಅಂದುಕೊಂಡೆಯಲ್ಲವೇ? ಆಗುವುದು ಅದರ ತಿರುಗುಮುರುಗು. ಎರಡು ತುಂಡಾಗಿದ್ದ ಹಳಿ ಒಂದೇ ತುಂಡಾಗುತ್ತದೆ. ಒಂದು ತುಂಡಿನಲ್ಲಿ ಒಂದೇ ಗಾಡಿ. ಹಿಂದಿನವೆಲ್ಲ ಇನ್ನೂ ದೂರದಲ್ಲೇ ನಿಲ್ಲುತ್ತವೆ.

ಮುಖ್ಯವಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ನಿನ್ನೆ ನೀನು ಹಲವನ್ನು ಒಟ್ಟಿಗೆ ಮಾಡಿದೆ. ಗಾಡಿ ಓಡಿದ್ದರೂ ಯಾವುದರಿಂದ ಓಡಿತೆಂದು ನಿನಗೆ ತಿಳಿಯುತ್ತಿರಲಿಲ್ಲ. ಕೈ ಹಾಕುವ ಮುನ್ನ ಕಡತದ ಪ್ರತಿ ತೆಗೆದಿಡು. ನಮಗೆ ಫೇಲ್ಯೂರ್ ರಿಜಿಸ್ಟರ್ ಇತ್ತು, ನೀನೂ ಒಂದು ನೋಟ್‌ಬುಕ್ ಮಾಡಿಕೋ. ಎಷ್ಟು ಹೊತ್ತಿಗೆ ನಿಂತಿತು, ಎಲ್ಲಿ, ಏನು ಬದಲಿಸಿದೆ, ಏನಾಯಿತು. ಹತ್ತು ಗಾಡಿ ಒಟ್ಟಿಗೆ ಬಿಡಬೇಡ. ಎರಡನ್ನು ಬಿಟ್ಟು ಅವು ಲೂಪಿನಲ್ಲಿ ಕ್ರಾಸಿಂಗ್ ಮುಗಿಸಿದ್ದನ್ನು ಕಣ್ಣಾರೆ ಕಂಡ ಮೇಲೆ ಮೂರನೆಯದು.

ನಾಳೆ ಬೆಳಿಗ್ಗೆ ಇದೇ ಮಾರ್ಗದ ಪ್ರಿನ್ಸೆಪ್ ಘಾಟ್ ಸ್ಟೇಷನ್ನಿಗೆ ಹೋಗಿ ಕೂರೋಣ, ನಿಜವಾದ ಗಾಡಿ ನೋಡೋಣ. ಮೂರ್ತಿಗಳ ವಿಸರ್ಜನೆಯ ದಿನಗಳು ಬಂದರೆ ಘಾಟುಗಳ ಜನಸಂದಣಿಗೆ ಈ ಗಾಡಿಗಳನ್ನೇ ಮೊಟಕು ಮಾಡುತ್ತಾರೆ, ಅಷ್ಟರೊಳಗೆ ನೋಡಿಬಿಡಬೇಕು. ಡಬ್ಬಿ ಎಣಿಸು, ಗಾಡಿ ಬರುವುದಕ್ಕೆ ಎಷ್ಟು ಮೊದಲು ದೀಪ ಬದಲಾಗುತ್ತದೆ ಎಂದು ಬರೆದುಕೋ. ಕಿತ್ತ ಸಿಗ್ನಲ್ಲನ್ನು ಮಾತ್ರ ಇವತ್ತೇ ಅದರ ಜಾಗದಲ್ಲಿ ವಾಪಸ್ ನೆಡು.