ಉಂಡೆಗೆ ಕೈ ಹಾಕುವ ಮುನ್ನ

ಮಗಳೇ, ಪಳೆಯುಳಿಕೆ ಅಂದರೆ ಎಲುಬು, ಚಿಪ್ಪು ಇಷ್ಟೇ ಅಂದುಕೊಂಡವರೇ ಬಹಳ. ನೀನು ಹಳೆಯ ಮಣ್ಣಿನಲ್ಲಿ ಕೀಟಗಳು ಬಿಟ್ಟುಹೋದ ಕುರುಹುಗಳ ಬೆನ್ನು ಹತ್ತಿದ್ದೀಯ. ಕೇಳಿ ಸಂತೋಷವಾಯಿತು. ನನ್ನದೊಂದು ಮಾತಿದೆ: ಸಗಣಿಹುಳುವಿನ ಕಲ್ಲಾದ ಉಂಡೆ ಕಂಡ ಕೂಡಲೇ ಸುತ್ತಿಗೆ ಎತ್ತಬೇಡ. ಮೊದಲು ಅದು ಕೂತಿರುವ ಮಣ್ಣನ್ನು ನೋಡು.

ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ ಗ್ರಾನ್ ಬರಾಂಕಾ ಅಂತ ಒಂದು ಕಡಿದಾದ ದಿಬ್ಬವಿದೆ. ಜ್ವಾಲಾಮುಖಿಯ ಬೂದಿ ಬಿದ್ದು, ಅದೇ ಮಣ್ಣಾಗಿ, ಅದರ ಮೇಲೆ ಮತ್ತೆ ಬೂದಿ ಬಿದ್ದು ಏರಿದ ಪದರಗಳು. ಸಗಣಿಹುಳುಗಳು ಮರಿಗೆಂದು ಕಟ್ಟಿದ ಉಂಡೆಗಳು ಅವುಗಳೊಳಗೆ ಕಲ್ಲಾಗಿ ಕೂತಿವೆ. ಶಾಸ್ತ್ರದಲ್ಲಿ ಅವಕ್ಕೆ ಕಾಪ್ರಿನಿಸ್ಫೇರಾ ಎಂದು ಹೆಸರು. ಆ ಹೆಸರು ಉಂಡೆಗೇ ಹೊರತು ಹುಳುವಿಗಲ್ಲ, ಇದು ನೆನಪಿರಲಿ. ಕಟ್ಟಿದ್ದು ಇಂಥದೇ ಜಾತಿಯ ಹುಳು ಎಂದು ಅವಸರದಲ್ಲಿ ಬರೆದುಬಿಡಬೇಡ.

ಒಂದನ್ನು ಹತ್ತಿರದಿಂದ ನೋಡು. ಹೊರಗೆ ದಪ್ಪನೆಯ ಮಣ್ಣಿನ ಗೋಡೆ, ಒಳಗೆ ಟೊಳ್ಳು, ಒಂದು ಕಡೆ ತೂತು. ತಾಯಿಹುಳು ಸಗಣಿಯ ಉಂಡೆ ಮಾಡಿ, ಸುತ್ತ ಮಣ್ಣು ಮೆತ್ತಿ, ಮೊಟ್ಟೆಗೊಂದು ಪುಟ್ಟ ಜಾಗ ಬಿಟ್ಟಿತ್ತು. ಮರಿ ಒಳಗಿನ ಸಗಣಿ ತಿಂದು ಬೆಳೆದು, ಗೋಡೆ ಕೊರೆದು ಹೊರಬಂತು. ಕೋಟಿಗಟ್ಟಲೆ ವರ್ಷ ಉಳಿದಿದ್ದು ಹುಳುವಲ್ಲ, ಸಗಣಿಯೂ ಅಲ್ಲ, ತಾಯಿ ಮೆತ್ತಿದ ಆ ಮಣ್ಣು. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕೆಲವು ಗೋಡೆಗಳಲ್ಲಿ ಇನ್ನೂ ಸಣ್ಣ ತೂತುಗಳಿರುತ್ತವೆ. ಅವು ಬೇರೆ ಜೀವಿಗಳು ಕೊರೆದವು, ಅವಕ್ಕೆ ಟೊಂಬೌನಿಕ್ನಸ್ ಎಂಬ ಬೇರೆ ಹೆಸರೇ ಇದೆ. ಉಜ್ಜಿ ತೊಳೆಯುವ ಭರದಲ್ಲಿ ಅವನ್ನು ಅಳಿಸಿಬಿಟ್ಟೀಯ, ಜೋಕೆ.

ಇಂಥ ಉಂಡೆ ಸಿಕ್ಕಿದ ಕಡೆ ಹುಲ್ಲುಗಾವಲಿತ್ತು ಎಂದು ಹೇಳುವುದು ರೂಢಿಯಾಗಿತ್ತು. ಆದರೆ ಅದೇ ಗ್ರಾನ್ ಬರಾಂಕಾದ ಮಣ್ಣಿನಿಂದ ಗಿಡಮರಗಳ ಸಿಲಿಕಾ ಕಣಗಳನ್ನು ಬೇರ್ಪಡಿಸಿ ನೋಡಿದ 2013ರ ಅಧ್ಯಯನಕ್ಕೆ ಕಂಡದ್ದು ಬೇರೆ: ತಾಳೆ ಜಾತಿಯ ಮರಗಳು ತುಂಬಿದ್ದ ಜಾಗ, ಹುಲ್ಲಿನ ಬಯಲಲ್ಲ. ಉಂಡೆ ಹೇಳುವುದು ಅಲ್ಲಿ ಸಗಣಿ ಇತ್ತು ಎಂಬುದನ್ನು. ಹುಲ್ಲಿನ ವಿಚಾರವನ್ನು ಮಣ್ಣಿನಿಂದಲೇ ಕೇಳಬೇಕು. ಅದಕ್ಕೇ ಉಂಡೆಯ ಜೊತೆ ಸುತ್ತಲಿನ ಒಂದು ಹಿಡಿ ಮಣ್ಣನ್ನೂ ಚೀಲಕ್ಕೆ ತುಂಬು. ಬೇರು ಇಳಿದ ಗುರುತು, ಮಣ್ಣಿನ ಬಣ್ಣ, ಉಂಡೆಯ ತೂತು ಯಾವ ದಿಕ್ಕಿಗಿತ್ತು, ಎಲ್ಲವನ್ನೂ ಕೀಳುವ ಮೊದಲೇ ಬರೆದುಕೋ.

ನೆಲದಲ್ಲಿ ಗೂಡು ಮಾಡುವ ಜೇನ್ನೊಣಗಳ ಗೂಡುಗಳೂ ಹೀಗೆಯೇ ಹಳೆಯ ಮಣ್ಣಿನಲ್ಲಿ ಉಳಿದಿರುತ್ತವೆ. ಪ್ಯಾಟಗೋನಿಯಾದ ಚುಬೂತ್ ಪ್ರಾಂತ್ಯದಲ್ಲಿ ಸಿಕ್ಕಿದ ಸುಮಾರು 10 ಕೋಟಿ ವರ್ಷ ಹಳೆಯ ಗೂಡುಗಳನ್ನು ಹೋರ್ಹೆ ಹೆನಿಸೆ ಮತ್ತು ಸಂಗಡಿಗರು 2020ರಲ್ಲಿ ವಿವರಿಸಿದರು. ಹೆನಿಸೆ ಅವರ 2017ರ ‘ಇಕ್ನೋಎಂಟಮಾಲಜಿ’ ಎಂಬ ದಪ್ಪ ಪುಸ್ತಕವನ್ನು ತಪ್ಪದೆ ಓದು.

ಓದುವುದರ ಜೊತೆಗೆ, ಈ ಮುಂಗಾರಿನಲ್ಲಿ ಊರಿಗೆ ಬಂದಾಗ ದನ ಮೇಯುವ ಕಡೆ ಹಳೇ ಸಗಣಿ ಸರಿಸಿ ನಿಧಾನಕ್ಕೆ ಅಗೆ. ಹುಳುವಿನ ಬಿಲ ಎಷ್ಟು ಆಳ ಇಳಿದಿದೆ, ಉಂಡೆ ಒಂದೋ ಗುಂಪೋ, ಮೇಲೆ ಮಣ್ಣು ಮೆತ್ತಿದೆಯೋ ಇಲ್ಲವೋ, ಅಳೆದು ಚಿತ್ರ ಬರೆ. ಗುದ್ದಲಿ ನಾನು ಹಿಡಿಯುತ್ತೇನೆ.