ಯಂತ್ರ ಕೇಳಿಸುತ್ತದೆ, ಮಾತು ನಾವು ಕಲಿಸಬೇಕು



ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆದರೆ ‘ಇನ್ನು ತಾನಾಗೇ ಮಾತಾಡ್ತದೆ’ ಅನ್ನುವವರಿದ್ದಾರೆ. ಹಾಗಲ್ಲ. ಒಳಗೆ ಕೂರಿಸಿದ ಸಾಧನವೂ ಕಿವಿಯ ಹಿಂದಿನ ಯಂತ್ರವೂ ಸೇರಿ ಶಬ್ದವನ್ನು ನರಕ್ಕೆ ಮುಟ್ಟಿಸುತ್ತವೆ. ಅದರ ಅರ್ಥ ಮಗುವಿಗೆ ತಿಳಿಯುವುದು ದಿನನಿತ್ಯದ ಮಾತಿನಿಂದ. ಯಂತ್ರ ಬೀರುವಿನಲ್ಲಿ ಕೂತ ದಿನ ಕಲಿಕೆಯೂ ಕೂತಂತೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ತಾಯಂದಿರಿಗೂ ತರಬೇತಿ ಕೊಡುವುದು ಇದಕ್ಕಾಗಿಯೇ.

ಮನೆಯಲ್ಲಿ: ಅಂಗನವಾಡಿಗೆ, ಶಾಲೆಗೆ ಕಳಿಸುವ ಮುಂಚೆ ಬ್ಯಾಟರಿ ನೋಡಿ. ಮಗುವಿನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ – ಈ ಆರು ಶಬ್ದ ಒಂದೊಂದಾಗಿ ಹೇಳಿ. ಕೇಳಿದಾಗಲೆಲ್ಲ ಮಗು ಚಪ್ಪಾಳೆ ತಟ್ಟಲಿ. ದಿನಾ ಕೇಳುತ್ತಿದ್ದ ಶಬ್ದ ಕೇಳದಿದ್ದರೆ ಬ್ಯಾಟರಿ, ವಯರ್ ನೋಡಿ. ಸರಿಹೋಗದಿದ್ದರೆ ತಡಮಾಡದೆ ಆಡಿಯಾಲಜಿಸ್ಟ್ ಬಳಿ ಹೋಗಿ.

ಶಾಲೆಯಲ್ಲಿ: ಟೀಚರಿಗೆ ಮೂರು ಮಾತು ಹೇಳಿ. ಮಗುವನ್ನು ಮುಂದೆ, ಗದ್ದಲದ ಕಿಟಕಿಯಿಂದ ದೂರ, ಯಂತ್ರವಿರುವ ಕಿವಿ ತಮ್ಮ ಕಡೆ ಇರುವಂತೆ ಕೂರಿಸಲಿ. ಬೋರ್ಡಿಗೆ ಮುಖ ಮಾಡಿ ಪಾಠ ಹೇಳದಿರಲಿ. ‘ಅರ್ಥ ಆಯ್ತಾ?’ ಅಂದರೆ ಮಗು ಸುಮ್ಮನೆ ತಲೆಯಾಡಿಸಬಹುದು. ‘ನಾನು ಏನು ಹೇಳಿದೆ?’ ಎಂದು ಕೇಳಲಿ.

ಸೇರಿಸಿಕೊಳ್ಳಲು ಹಿಂಜರಿದರೆ ನೆನಪಿರಲಿ: ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೊಟ್ಟಿದೆ.

ಚರ್ಚೆಗೆ: ಬ್ಯಾಟರಿಗೆ, ವಯರಿಗೆ ದುಡ್ಡಿಲ್ಲದೆ ನಮ್ಮೂರಿನಲ್ಲಿ ಯಾವ ಮಗುವಿನ ಯಂತ್ರವಾದರೂ ಬೀರು ಸೇರಿದೆಯೇ? ಸಂಘದ ಉಳಿತಾಯದಿಂದ ಆ ತಾಯಿಗೆ ಸಾಲ ಕೊಡಬಹುದೇ?