ಸ್ಥಳಾಂತರವೂ ಭೋಗೋಪಭೋಗ ಪರಿಮಾಣವೂ

ಪಿಂಛಿ, ಕಮಂಡಲು, ಶಾಸ್ತ್ರ ಇವಿಷ್ಟೇ ದಿಗಂಬರ ಮುನಿಗಳ ಉಪಕರಣಗಳಾದುದರಿಂದ ಅವರ ವಿಹಾರಕ್ಕೆ ಬೇರೆ ಸಿದ್ಧತೆ ಬೇಕಿಲ್ಲ. ಗೃಹಸ್ಥನಾದ ಶ್ರಾವಕನ ಸ್ಥಿತಿ ಹಾಗಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೋ ಉದ್ಯೋಗಕ್ಕಾಗಿಯೋ ವೃದ್ಧರ ಚಿಕಿತ್ಸೆಗಾಗಿಯೋ ಊರು ಬಿಟ್ಟು ನಗರವನ್ನು ಸೇರಬೇಕಾದಾಗ ಮುಂಗಡ, ಬಾಡಿಗೆ, ಸಾಗಾಣಿಕೆ ಎಂದು ವೆಚ್ಚಗಳು ಒಟ್ಟಿಗೆ ಎದುರಾಗುತ್ತವೆ. ಕೆಲವರು ಸಾಲ ಮಾಡುತ್ತಾರೆ; ಕೆಲವರು ಹೋಗುವ ವಿಚಾರವನ್ನೇ ಕೈಬಿಡುತ್ತಾರೆ. ಇವೆರಡರ ನಡುವೆ ವ್ರತದ ಮಾರ್ಗವೊಂದುಂಟು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಮೂರು ಗುಣವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಆಹಾರದಂತೆ ಒಮ್ಮೆ ಅನುಭವಿಸಿ ಬಿಡುವಂಥದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಸುವಂಥದು ಉಪಭೋಗ. ಇವುಗಳಿಗೆ ಜೀವನಪರ್ಯಂತ ಮಿತಿಯನ್ನು ಹಾಕಿಕೊಂಡರೆ ಅದು ಯಮ. ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಪಡಿಸಿಕೊಂಡರೆ ಅದು ನಿಯಮ. ಸ್ಥಳಾಂತರಕ್ಕೆ ಅಣಿಯಾಗುವ ಕುಟುಂಬಕ್ಕೆ ನಿಯಮವೇ ಅನುಕೂಲ. ಅವಧಿ ನಿಶ್ಚಿತವಾಗಿರುವುದರಿಂದ ಕಿರಿಯರೂ ಹಿರಿಯರೂ ಒಮ್ಮನಸ್ಸಿನಿಂದ ಪಾಲಿಸಬಹುದು.

ಉದಾಹರಣೆಗೆ ಒಂದು ಲೆಕ್ಕವನ್ನು ನೋಡೋಣ. ಊರಿನಲ್ಲಿ ಸ್ವಂತ ಮನೆಯುಳ್ಳ ಕುಟುಂಬವೊಂದು ಮಗಳ ಓದಿಗಾಗಿ ನಗರಕ್ಕೆ ಹೋಗಬೇಕಾಗಿದೆ ಎಂದು ಭಾವಿಸಿ. ತಿಂಗಳ ಬಾಡಿಗೆ 10,000 ರೂಪಾಯಿ, ಆರು ತಿಂಗಳ ಮುಂಗಡ 60,000, ಮೊದಲ ತಿಂಗಳ ಬಾಡಿಗೆ 10,000, ಲಾರಿ ಮತ್ತು ಕೂಲಿ 14,000, ಒಟ್ಟು 84,000. ಎರಡು ಅಯನಗಳ, ಅಂದರೆ ಒಂದು ವರ್ಷದ ನಿಯಮಕ್ಕೆ ಹಂಚಿದರೆ ತಿಂಗಳಿಗೆ 7,000. ಹೊರಗಿನ ತಿಂಡಿಯ ತ್ಯಾಗದಿಂದ 2,500, ಹೊಸ ಬಟ್ಟೆ ಮತ್ತು ಅಲಂಕಾರದಿಂದ 2,000, ಕಾರಣವಿಲ್ಲದ ತಿರುಗಾಟದಿಂದ 1,500, ಮನರಂಜನೆಯಿಂದ 1,000 ಉಳಿದರೆ ಅದು ಪೂರ್ಣವಾಗುತ್ತದೆ. ಮೊದಲು ಒಂದು ತಿಂಗಳ ಖರ್ಚನ್ನು ಬರೆದು, ಯಾವುದು ಭೋಗ, ಯಾವುದು ಉಪಭೋಗ, ಯಾವುದು ಕೇವಲ ಅಭ್ಯಾಸ ಎಂದು ವಿಂಗಡಿಸಿಕೊಳ್ಳತಕ್ಕದ್ದು.

ಈ ನಿಯಮದಿಂದ ಇನ್ನೊಂದು ಪ್ರಯೋಜನವಿದೆ. ಮುಂಗಡವನ್ನು ಒಮ್ಮೆ ಕೊಟ್ಟರೆ ಸಾಕು. ಬಾಡಿಗೆಯನ್ನು ಪ್ರತಿ ತಿಂಗಳೂ ಕೊಡಬೇಕು. 7,000 ರೂಪಾಯಿ ಕಡಿಮೆ ಖರ್ಚಿನಲ್ಲಿ ಒಂದು ವರ್ಷ ಸಮಾಧಾನದಿಂದ ಬಾಳಿದವರಿಗೆ ಬಾಡಿಗೆಯ ಬಹುಭಾಗವನ್ನು ಹೊರುವ ಶಕ್ತಿ ಬಂದಿರುತ್ತದೆ. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟು ಉಳಿದ 3,000ವನ್ನು ಹೊಂದಿಸಬಹುದೇ ಎಂಬುದನ್ನು ಹೊರಡುವ ಮೊದಲೇ ಯೋಚಿಸಬೇಕು. ನಿಯಮದ ಅವಧಿಯಲ್ಲಿಯೇ ಮನೆಯಲ್ಲಿ ಕಲಹ ಹೆಚ್ಚಿದರೆ, ಇನ್ನೂ ಚಿಕ್ಕ ಮನೆಯನ್ನು ನೋಡಬೇಕೆಂದು ತಿಳಿಯತಕ್ಕದ್ದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಮಿತಿ ನಮ್ಮ ಭೋಗಕ್ಕೆ ಇರಬೇಕೇ ಹೊರತು ಪರರ ಪಾಲಿಗಲ್ಲ. ಹಿರಿಯರ ಔಷಧ, ಮಕ್ಕಳ ಹಾಲು, ಮನೆಗೆಲಸದವರ ಸಂಬಳ ಇವುಗಳನ್ನು ಕಡಿತ ಮಾಡಿ ಕೂಡಿಟ್ಟ ಹಣ ವ್ರತದ ಫಲವಲ್ಲ. ಸಾಮಾನು ಹೊರುವವನ ಮೇಲೆ ಮಿತಿಮೀರಿ ಭಾರ ಹೇರುವುದಂತೂ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಂದು.

ಎರಡನೆಯದು ಉಪವಾಸದ ವಿಷಯ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸವನ್ನು ಉಳಿತಾಯದ ಸಾಧನವನ್ನಾಗಿ ಮಾಡಿಕೊಳ್ಳಬಾರದು. ಅದರ ಗುರಿ ನಿರ್ಜರೆ, ಹಣವಲ್ಲ. ಆ ದಿನ ಉಳಿದ ಅಕ್ಕಿ ಬೇಳೆಯ ಬೆಲೆಯನ್ನು ಬಾಡಿಗೆಯ ಗಂಟಿಗೆ ಸೇರಿಸದೆ ದಾನಕ್ಕೆ ತೆಗೆದಿಡುವುದು ಮೇಲು. ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ಸಮಂತಭದ್ರರು ದಾನದಲ್ಲಿ ಹೇಳಿದ್ದಾರೆ. ತಾನು ನೆಲೆಯನ್ನು ಅರಸುತ್ತಿರುವಾಗಲೇ ನೆಲೆಯಿಲ್ಲದ ಬಡ ವಿದ್ಯಾರ್ಥಿಯನ್ನು ನೆನೆಯುವುದು ಶ್ರಾವಕನಿಗೆ ಎಷ್ಟು ಉಚಿತ!

ಹೊರಡುವ ಮುನ್ನ ಪರಿಗ್ರಹ ಪರಿಮಾಣವನ್ನೂ ಪುನಃ ಪರಿಶೀಲಿಸಬೇಕು. ದಿಗ್ವ್ರತವನ್ನು ಸ್ವೀಕರಿಸಿದವರು ಹೊಸ ಊರು ತಮ್ಮ ಮೇರೆಯೊಳಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಸೌಕರ್ಯಕ್ಕಾಗಿ ಮೇರೆಯನ್ನು ಹಿಗ್ಗಿಸುವುದು ಅತಿಚಾರ. ಪಾತ್ರೆ, ಪೆಟ್ಟಿಗೆ, ಮಂಚಗಳನ್ನು ಒಂದೊಂದಾಗಿ ಲಾರಿಗೆ ಏರಿಸುವ ದಿನ ನಮ್ಮ ಪರಿಗ್ರಹದ ತೂಕ ಕಣ್ಣಿಗೆ ಕಾಣುತ್ತದೆ. ವರ್ಷದಲ್ಲಿ ಒಮ್ಮೆಯೂ ಮುಟ್ಟದ ವಸ್ತುಗಳನ್ನು ಬೇಕಾದವರಿಗೆ ಕೊಟ್ಟರೆ ಲಾರಿಯೂ ಹಗುರ, ಮನಸ್ಸೂ ಹಗುರ.

ಹೊಸ ಮನೆಯನ್ನು ಹೊಕ್ಕ ಮೇಲೆ ನಿಯಮದ ಅವಧಿ ಮುಗಿಯುತ್ತದೆ. ಆಗ ಬಿಟ್ಟದ್ದನ್ನೆಲ್ಲ ಒಮ್ಮೆಲೆ ಹಿಂದಕ್ಕೆ ತರದೆ, ಅವುಗಳಲ್ಲಿ ಒಂದನ್ನಾದರೂ ಯಮವಾಗಿ ಧರಿಸುವವನಿಗೆ ಈ ಸ್ಥಳಾಂತರ ಆತ್ಮಹಿತಕ್ಕೂ ಕಾರಣವಾಗುತ್ತದೆ.